ಇದ್ದ ದಿನ, ಇಲ್ಲದ ದಿನ

ಪೌರತ್ವದ ಅರ್ಜಿ ತುಂಬುವಾಗ ನಾನು ಜಾಸ್ತಿ ಹೊತ್ತು ಕೂತದ್ದು ಒಂದು ಸಣ್ಣ ಪಟ್ಟಿಯ ಮುಂದೆ. ಕೆನಡಾ ಬಿಟ್ಟು ಹೊರಗೆ ಹೋದ ದಿನ, ವಾಪಸ್ ಬಂದ ದಿನ, ಹೋದ ದೇಶ, ಹೋದ ಕಾರಣ. ಇಷ್ಟೇ. ಹೆಸರು, ವಿಳಾಸ, ಕೆಲಸ, ತೆರಿಗೆ ಎಲ್ಲವನ್ನೂ ಒಂದೇ ಸಂಜೆ ತುಂಬಿ ಮುಗಿಸಿದ್ದೆ. ಈ ಪಟ್ಟಿಗೆ ಬಂದಾಗ ಕೈ ನಿಂತುಬಿಟ್ಟಿತು. ಮೂರು ವಾರ ಅರ್ಜಿ ಹಾಗೇ ಇತ್ತು.

ನನ್ನ ಪಟ್ಟಿಯಲ್ಲಿ ಇದ್ದದ್ದು ಮೂರೇ ಸಾಲು. 2019ರ ಡಿಸೆಂಬರ್ 18ಕ್ಕೆ ಹೋಗಿ 2020ರ ಜನವರಿ 12ಕ್ಕೆ ಬಂದದ್ದು, ತಂಗಿಯ ಮದುವೆಗೆ. 2021ರ ಮಾರ್ಚ್ 9ಕ್ಕೆ ಹೋಗಿ ಅಕ್ಟೋಬರ್ 6ಕ್ಕೆ ಬಂದದ್ದು, ಅಪ್ಪನಿಗಾಗಿ. 2023ರ ಜನವರಿ 5ಕ್ಕೆ ಹೋಗಿ ಫೆಬ್ರವರಿ 9ಕ್ಕೆ ಬಂದದ್ದು, ಅಮ್ಮನ ಕಣ್ಣಿನ ಆಪರೇಷನ್‌ಗೆ. ಮೊದಲ ಸಾಲಿಗೂ ಮೂರನೇ ಸಾಲಿಗೂ ಕಾರಣ ಬರೆಯೋದು ಸುಲಭವಾಯಿತು. ಎರಡನೇ ಸಾಲಿಗೆ ಏನು ಬರೆಯಲಿ? ಹೋಗುವಾಗ ಕಾರಣ ಒಂದಿತ್ತು, ಉಳಿದದ್ದಕ್ಕೆ ಕಾರಣ ಬೇರೆ, ಬರಲಾಗದೆ ಇದ್ದದ್ದಕ್ಕೆ ಮತ್ತೊಂದು. ಕೊನೆಗೆ ‘ಕುಟುಂಬ’ ಅಂತ ಒಂದೇ ಪದ ಬರೆದೆ.

ಗೊತ್ತಿಲ್ಲದವರಿಗೆ ಲೆಕ್ಕ ಏನು ಅಂತ ಹೇಳಿಬಿಡುತ್ತೇನೆ. ಕೆನಡಾದ ಪೌರತ್ವ ಬೇಕಾದರೆ ಮೊದಲು ಕಾಯಂ ನಿವಾಸಿ ಆಗಿರಬೇಕು. ಎಲ್ಲರೂ ಪಿಆರ್ ಅನ್ನುವುದು ಅದನ್ನೇ. ಅರ್ಜಿಗೆ ಸಹಿ ಹಾಕುವ ದಿನದಿಂದ ಹಿಂದಕ್ಕೆ ಐದು ವರ್ಷ ಎಣಿಸಬೇಕು. ಆ ಐದು ವರ್ಷದಲ್ಲಿ ಕನಿಷ್ಠ 1,095 ದಿನ ನೀವು ಈ ನೆಲದ ಮೇಲೆ ಇದ್ದಿರಬೇಕು. ಪಿಆರ್ ಸಿಗುವ ಮೊದಲು ಓದಲಿಕ್ಕೋ ಕೆಲಸಕ್ಕೋ ಬಂದು ಇದ್ದ ದಿನಗಳಿದ್ದರೆ ಒಂದೊಂದಕ್ಕೂ ಅರ್ಧ ದಿನ ಸಿಗುತ್ತದೆ, ಅದೂ ಒಟ್ಟು 365 ದಿನ ಮೀರುವಂತಿಲ್ಲ. ಈ ನಿಯಮ 2017ರ ಅಕ್ಟೋಬರ್‌ನಿಂದ ಇದೆ. ಅದಕ್ಕೂ ಮುಂಚೆ ಎರಡು ವರ್ಷ ಇನ್ನೂ ಬಿಗಿ ಇತ್ತು, ಆರು ವರ್ಷದಲ್ಲಿ 1,460 ದಿನ.

ನಾವು ಗಂಡ ಹೆಂಡತಿ ಮ್ಯಾನಿಟೋಬಾ ಪ್ರಾಂತ್ಯದ ಆಯ್ಕೆಯ ಮೂಲಕ ನೇರ ಪಿಆರ್ ಆಗಿಯೇ ಬಂದವರು. 2018ರ ಆಗಸ್ಟ್ 17ರಂದು ಬಂದಿಳಿದು, ವಿನ್ನಿಪೆಗ್‌ನಲ್ಲಿ ಮನೆ ಮಾಡಿದೆವು. ಹಾಗಾಗಿ ಅರ್ಧ ದಿನದ ಲೆಕ್ಕ ನಮಗೆ ಬೇಕಾಗಲಿಲ್ಲ. ನಾನು ಸಹಿ ಹಾಕಿದ್ದು 2023ರ ಜೂನ್ 12. ಬಂದಿಳಿದಾಗಿನಿಂದ ಅದರ ಹಿಂದಿನ ದಿನದವರೆಗೆ 1,760 ದಿನ. ಅದರಲ್ಲಿ ಇಲ್ಲದ ದಿನ 24, 210, 34, ಒಟ್ಟು 268. ಇದ್ದ ದಿನ 1,492. ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ. ಹಾಗಾದರೆ ಮೂರು ವಾರ ಯಾಕೆ ಕೂತೆ ಅಂತ ನೀವು ಕೇಳಬಹುದು.

ಈ ಲೆಕ್ಕದಲ್ಲಿ ಒಂದು ಸಣ್ಣ ವಿಷಯ ಇದೆ. ಹೊರಟ ದಿನ, ಬಂದಿಳಿದ ದಿನ ಎರಡನ್ನೂ ಕೆನಡಾ ‘ಇದ್ದ ದಿನ’ ಅಂತಲೇ ಎಣಿಸುತ್ತದೆ. ನಡುವಿನ ಪೂರ್ತಿ ದಿನಗಳು ಮಾತ್ರ ‘ಇಲ್ಲದ ದಿನ’. ಇದನ್ನು ಸರಿಯಾಗಿ ಹಾಕಬೇಕಾದರೆ ತಾರೀಕು ಪಕ್ಕಾ ಬೇಕು. ನನ್ನ ಬಳಿ ಪಕ್ಕಾ ಇಲ್ಲದಿದ್ದದ್ದು ಒಂದೇ ತಾರೀಕು, 2021ರಲ್ಲಿ ವಾಪಸ್ ಬಂದದ್ದು. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಯಂತ್ರದ ಮುಂದೆ ನಿಂತು ಒಳಗೆ ಬಂದಿದ್ದೆ, ಪಾಸ್‌ಪೋರ್ಟಿಗೆ ಸೀಲು ಬಿದ್ದಿರಲಿಲ್ಲ. ದೆಹಲಿಯಲ್ಲಿ ಹಾಕಿದ ಸೀಲು ಇತ್ತು, ಆದರೆ ಶಾಯಿ ಹರಡಿ ಅಂಕಿ ಐದೋ ಆರೋ ಗೊತ್ತಾಗುತ್ತಿರಲಿಲ್ಲ. ಮೇಲ್‌ನಲ್ಲಿ ಹುಡುಕಿದರೆ ಮೂರು ಟಿಕೆಟ್ ಸಿಕ್ಕವು, ಮೂರಕ್ಕೂ ಬೇರೆ ಬೇರೆ ದಿನ. ಎರಡು ರದ್ದಾದವು, ಒಂದರಲ್ಲಿ ಬಂದಿದ್ದೆ. ಯಾವುದರಲ್ಲಿ?

ಅಮ್ಮನಿಗೆ ಫೋನ್ ಮಾಡಿದೆ. ‘ನಾನು ಹೊರಟಿದ್ದು ಯಾವತ್ತು ಅಂತ ನೆನಪಿದೆಯಾ?’ ಅಂದೆ.

‘ತಡಿ, ಕ್ಯಾಲೆಂಡರ್ ನೋಡ್ತೀನಿ’ ಅಂದಳು ಅಮ್ಮ.

ನನಗೆ ಆಶ್ಚರ್ಯ. ಎರಡು ವರ್ಷದ ಹಿಂದಿನ ಕ್ಯಾಲೆಂಡರ್. ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಗೋಡೆಗೆ ನೇತು ಹಾಕುವ ಕ್ಯಾಲೆಂಡರಿನ ಅಕ್ಟೋಬರ್ ಹಾಳೆ. ಐದನೇ ತಾರೀಕಿನ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಸಣ್ಣಗೆ ‘ಮಗಳು ಹೊರಟಳು, ಮಧ್ಯಾಹ್ನ’ ಅಂತ ಬರೆದಿತ್ತು. ಐದರ ಮಧ್ಯಾಹ್ನ ಮನೆ ಬಿಟ್ಟು, ಸಂಜೆ ದೆಹಲಿ ತಲುಪಿ, ಮಧ್ಯರಾತ್ರಿ ದಾಟಿದ ಮೇಲೆ ವಿಮಾನ ಹತ್ತಿ, ಆರನೇ ತಾರೀಕಿಗೆ ಟೊರಾಂಟೊದಲ್ಲಿ ಇಳಿದಿದ್ದೆ. ಮುಂದೆ ಗಡಿ ಇಲಾಖೆಯಿಂದ ನನ್ನ ಪ್ರಯಾಣದ ದಾಖಲೆಯನ್ನೂ ಕೇಳಿ ತರಿಸಿಕೊಂಡೆ. ಅಲ್ಲೂ ಅಕ್ಟೋಬರ್ 6 ಅಂತಲೇ ಇತ್ತು. ಎರಡೂ ತಾಳೆಯಾದವು.

ಆದರೆ ಅಮ್ಮ ಒಂದು ಹಾಳೆ ಕಳಿಸಿ ಸುಮ್ಮನಾಗಲಿಲ್ಲ. ಬೇಕಾಗಬಹುದು ಅಂತ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಎಂಟೂ ಹಾಳೆಯ ಫೋಟೋ ಕಳಿಸಿದಳು. ಮಾರ್ಚ್ 11: ‘ಬಂದಳು’. ಅಲ್ಲಿಂದ ಪ್ರತಿ ದಿನದ ಚೌಕದ ಮೂಲೆಯಲ್ಲಿ ಒಂದು ಸಣ್ಣ ಗೀಟು. ನಡುನಡುವೆ ಡಯಾಲಿಸಿಸ್, ಡಾಕ್ಟರು, ಸಿಲಿಂಡರ್. ಏಪ್ರಿಲ್ ತುಂಬಾ ಆಕ್ಸಿಜನ್ ಅಳತೆಯ ಅಂಕಿಗಳು, 96, 94, 91. ಮೇ 19ರ ಚೌಕ ಖಾಲಿ. ಅಪ್ಪ ಹೋದ ದಿನ ಅದು. ಗೀಟೂ ಇಲ್ಲ. ಇಪ್ಪತ್ತರಿಂದ ಗೀಟು ಮತ್ತೆ ಶುರುವಾಗಿದೆ.

ನಾನು ಆ ಗೀಟುಗಳನ್ನು ಎಣಿಸಿದೆ. ಖಾಲಿ ಚೌಕವನ್ನೂ ಸೇರಿಸಿದರೆ 209. ಅರ್ಜಿಯಲ್ಲಿ 210. ವ್ಯತ್ಯಾಸದ ಆ ಒಂದು ದಿನ ಮಾರ್ಚ್ 10. ಒಂಬತ್ತರ ಸಂಜೆ ವಿನ್ನಿಪೆಗ್ ಬಿಟ್ಟವಳು ಹನ್ನೊಂದರ ಬೆಳಿಗ್ಗೆ ಮನೆ ತಲುಪಿದ್ದೆ. ಹತ್ತನೇ ತಾರೀಕು ಪೂರ್ತಿ ಆಕಾಶದಲ್ಲಿ, ಇಲ್ಲವೇ ಯಾವುದೋ ನಿಲ್ದಾಣದ ಕುರ್ಚಿಯಲ್ಲಿ ಕಳೆದಿತ್ತು. ಆ ದಿನ ನಾನು ಅಮ್ಮನ ಲೆಕ್ಕದಲ್ಲೂ ಇಲ್ಲ, ಕೆನಡಾದ ಲೆಕ್ಕದಲ್ಲೂ ಇಲ್ಲ.

ಮೂರು ವಾರ ಕೂತದ್ದಕ್ಕೆ ಕಾರಣ ಇದೇ. ನಾನು ಅರ್ಜಿಯಲ್ಲಿ ಹೆಮ್ಮೆಯಿಂದ ತೋರಿಸಬೇಕಾದ 1,492 ದಿನಗಳು ಅಮ್ಮನ ಗೋಡೆಯ ಮೇಲೆ ಗೀಟಿಲ್ಲದ ದಿನಗಳು. ಇಲ್ಲಿ ಇದ್ದೆ ಅನ್ನುವ ಪ್ರತಿ ದಿನವೂ ಅಲ್ಲಿ ಇರಲಿಲ್ಲ ಅನ್ನುವ ದಿನ. ಈ ದೇಶ ಒಂದು ಪಟ್ಟಿ ಕೇಳುತ್ತದೆ, ಸರಿ. ಇನ್ನೊಂದು ಪಟ್ಟಿಯನ್ನು ಯಾರೂ ಕೇಳೋದಿಲ್ಲ. ಬರೆದಿಟ್ಟವಳು ಅಮ್ಮ ಒಬ್ಬಳೇ.

2021 ಹೇಗಿತ್ತು ಅಂತ ನಿಮಗೆಲ್ಲ ಗೊತ್ತು. ನಾನು ಹೋದಾಗ ವಿಮಾನಗಳು ಓಡಾಡುತ್ತಿದ್ದವು, ಆರು ವಾರ ಇದ್ದು ಬರೋಣ ಅಂತ ಹೋಗಿದ್ದೆ. ಏಪ್ರಿಲ್ 22ರಂದು ಕೆನಡಾ ಭಾರತದಿಂದ ಬರುವ ನೇರ ವಿಮಾನಗಳನ್ನು ನಿಲ್ಲಿಸಿತು. ಮೊದಲು 30 ದಿನ ಅಂದರು, ಆಮೇಲೆ ಮುಂದಕ್ಕೆ ಹಾಕುತ್ತಾ ಹೋದರು. ಮತ್ತೆ ಶುರುವಾಗಿದ್ದು ಸೆಪ್ಟೆಂಬರ್ 27ಕ್ಕೆ. ನಡುವೆ ಬರಬೇಕಾದವರು ಮೂರನೇ ದೇಶಕ್ಕೆ ಹೋಗಿ, ಅಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರಬೇಕಿತ್ತು. ಅಪ್ಪ ಹೋದಾಗ ಇವರು ಬರುತ್ತೇನೆ ಅಂದರು. ನಾನೇ ಬೇಡ ಅಂದೆ. ಬಂದರೆ ವಾಪಸ್ ಹೋಗುವುದು ಯಾವಾಗಲೋ, ಕೆಲಸ ಉಳಿಯುತ್ತದೋ ಇಲ್ಲವೋ. ಇವರು ಅಪ್ಪನನ್ನು ಕೊನೆಯ ಸಲ ನೋಡಿದ್ದು ಫೋನಿನ ಪರದೆಯಲ್ಲಿ.

ಅರ್ಜಿಯ ಪಟ್ಟಿ ನೋಡುವಾಗ ಇದೆಲ್ಲ ಮತ್ತೆ ಬಂತು. ಅದರ ಮೇಲೆ ಇನ್ನೊಂದು ನಿಯಮ. ಹಿಂದಿನ ನಾಲ್ಕು ವರ್ಷದಲ್ಲಿ ಬೇರೆ ಯಾವುದೇ ದೇಶದಲ್ಲಿ ಒಟ್ಟಿಗೆ 183 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದಿದ್ದರೆ ಆ ದೇಶದ ಪೊಲೀಸರಿಂದ ಪ್ರಮಾಣಪತ್ರ ತರಬೇಕು, ನಿಮ್ಮ ಮೇಲೆ ಯಾವ ಕೇಸೂ ಇಲ್ಲ ಅಂತ. ನನ್ನದು 210 ದಿನ. ಅಪ್ಪನ ಮಂಚದ ಪಕ್ಕ ಕಳೆದ ದಿನಗಳಿಗೆ, ಆಮೇಲೆ ಅಮ್ಮನ ಜೊತೆ ಆ ಮನೆಯಲ್ಲಿ ಸುಮ್ಮನೆ ಕೂತ ದಿನಗಳಿಗೆ ಪೊಲೀಸ್ ಪ್ರಮಾಣಪತ್ರ. ನಿಯಮ ಎಲ್ಲರಿಗೂ ಒಂದೇ, ನನ್ನೊಬ್ಬಳ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಆ ಅರ್ಜಿ ತುಂಬುವಾಗ ಕಣ್ಣಲ್ಲಿ ನೀರು ಬಂತು. ಪತ್ರ ಬಂದಾಗ ಅದರಲ್ಲಿ ಇದ್ದದ್ದು ನಾಲ್ಕೈದು ಸಾಲು. ಅದನ್ನು ಸ್ಕ್ಯಾನ್ ಮಾಡಿ ಹಾಕಿ, ಮೂಲಪ್ರತಿಯನ್ನು ಅಪ್ಪನ ಮರಣಪತ್ರದ ಫೈಲಿನಲ್ಲೇ ಇಟ್ಟೆ.

ಆ ಮೂರು ವಾರ ರಾತ್ರಿ ನಿದ್ದೆ ಬಾರದಾಗ ಈ ‘ವಾಸ’ ಅನ್ನುವ ಪದದ ಬಗ್ಗೆ ಓದಿದೆ. 2015ಕ್ಕೂ ಮೊದಲು ಕೆನಡಾದ ಕಾನೂನು ನಾಲ್ಕು ವರ್ಷದಲ್ಲಿ ಮೂರು ವರ್ಷದ ವಾಸ ಕೇಳುತ್ತಿತ್ತು. ಆದರೆ ವಾಸ ಅಂದರೆ ಏನು ಅಂತ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ನ್ಯಾಯಾಲಯಗಳು ಒಂದೊಂದು ರೀತಿ ಹೇಳಿದವು. 1978ರಲ್ಲಿ ನ್ಯಾಯಮೂರ್ತಿ ಥರ್ಲೋ ಅವರ ಮುಂದೆ ಒಬ್ಬ ವಿದ್ಯಾರ್ಥಿಯ ಪ್ರಕರಣ ಬಂದಿತ್ತು. ಅವನು ಓದಲು ಅಮೆರಿಕಕ್ಕೆ ಹೋಗಿದ್ದ, ದಿನಗಳು ಕಡಿಮೆ ಬಿದ್ದಿದ್ದವು. ಒಬ್ಬ ಮನುಷ್ಯ ಮನಸ್ಸಿನಲ್ಲೂ ನಿಜದಲ್ಲೂ ತನ್ನ ಬದುಕಿನ ನೆಲೆಯನ್ನು ಎಲ್ಲಿ ಇಟ್ಟುಕೊಂಡಿದ್ದಾನೋ ಅದೇ ಅವನ ವಾಸ, ಸ್ವಲ್ಪ ಕಾಲ ಹೊರಗೆ ಹೋದ ಮಾತ್ರಕ್ಕೆ ಅದು ತಪ್ಪುವುದಿಲ್ಲ ಅನ್ನುವ ಅರ್ಥದ ತೀರ್ಪು ಅದು. 1992ರಲ್ಲಿ ಇನ್ನೊಂದು ತೀರ್ಪು ಆರು ಪ್ರಶ್ನೆ ಇಟ್ಟಿತು. ನಿನ್ನ ಹತ್ತಿರದವರು ಎಲ್ಲಿದ್ದಾರೆ, ನೀನು ಇಲ್ಲಿಗೆ ಬರುವುದು ಮನೆಗೆ ಬಂದಂತೆಯೋ ನೆಂಟರ ಮನೆಗೆ ಬಂದಂತೆಯೋ, ಈ ಥರದವು. 1993ರಲ್ಲಿ ಮತ್ತೊಬ್ಬ ನ್ಯಾಯಮೂರ್ತಿ ಇದೆಲ್ಲ ಬೇಡ, ಮೂರು ವರ್ಷ ಅಂದರೆ ಇಲ್ಲಿ ಇದ್ದ ಮೂರು ವರ್ಷ ಅಂದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಅಳತೆಗಳೆಲ್ಲ ಒಟ್ಟೊಟ್ಟಿಗೇ ನಡೆದವು. 2015ರ ತಿದ್ದುಪಡಿ ದೇಹ ಎಲ್ಲಿತ್ತು ಅನ್ನೋದನ್ನೇ ಗಟ್ಟಿ ಮಾಡಿತು.

ಇದು ಒಳ್ಳೆಯದೇ ಆಯಿತು ಅನ್ನಿಸುತ್ತದೆ ನನಗೆ. ನಿನ್ನ ಹತ್ತಿರದವರು ಎಲ್ಲಿದ್ದಾರೆ ಅಂತ ಒಬ್ಬ ನ್ಯಾಯಾಧೀಶರು ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ? ಇವರು ಇಲ್ಲಿ, ಅಮ್ಮ ಅಲ್ಲಿ. ಮನೆಗೆ ಹೋಗುತ್ತೇನೆ ಅಂತ ನಾನು ಎರಡೂ ಕಡೆಗೆ ಹೊರಡುವಾಗಲೂ ಹೇಳುತ್ತೇನೆ. ಅದರಲ್ಲಿ ಸುಳ್ಳಿಲ್ಲ. ದಿನದ ಲೆಕ್ಕ ಒರಟು ಹೌದು, ಆದರೆ ಅದು ಮನಸ್ಸಿನೊಳಗೆ ಕೈ ಹಾಕುವುದಿಲ್ಲ. ಕಾಲು ಎಲ್ಲಿತ್ತು ಅಂತ ಕೇಳಿ ಬಿಟ್ಟುಬಿಡುತ್ತದೆ.

ಎಲ್ಲ ದೇಶಗಳೂ ಹೀಗೇ ಏನೋ ಒಂದನ್ನು ಎಣಿಸುತ್ತವೆ. ಬ್ರಿಟನ್‌ನಲ್ಲಿ ಐದು ವರ್ಷದಲ್ಲಿ ಹೊರಗಿದ್ದದ್ದು 450 ದಿನ ಮೀರಬಾರದು, ಕೊನೆಯ ವರ್ಷದಲ್ಲಿ 90. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ, ಅದರಲ್ಲಿ 30 ತಿಂಗಳು ಒಳಗಿರಬೇಕು. ಜರ್ಮನಿ 2024ರ ಜೂನ್‌ನಲ್ಲಿ ಎಂಟು ವರ್ಷವನ್ನು ಐದಕ್ಕೆ ಇಳಿಸಿತು. ಸ್ವಿಟ್ಜರ್ಲೆಂಡ್‌ನಲ್ಲಿ ಹತ್ತು. ನಮ್ಮ ಭಾರತದಲ್ಲಿ? ವಾಸದ ಮೇಲೆ ಪೌರತ್ವ ಕೇಳುವವರು ಅರ್ಜಿಯ ಹಿಂದಿನ 12 ತಿಂಗಳು ಪೂರ್ತಿ ಇದ್ದಿರಬೇಕು, ಅದಕ್ಕೂ ಹಿಂದಿನ 14 ವರ್ಷದಲ್ಲಿ 11 ವರ್ಷ ಇದ್ದಿರಬೇಕು. ಜೊತೆಗೆ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಒಂದು ಭಾಷೆ ಸಾಕಷ್ಟು ಗೊತ್ತಿರಬೇಕು. ಹಿಂದಿಯೇ ಆಗಬೇಕು ಅಂತಿಲ್ಲ. ಕನ್ನಡ ಬಂದರೆ ಸಾಕು. ಇದನ್ನು ಓದಿದಾಗ ನಾನು ಸುಮ್ಮನೆ ಸ್ವಲ್ಪ ಹೊತ್ತು ಕೂತೆ. ಎಲ್ಲಿಂದಲೋ ಬಂದವರು ಕನ್ನಡ ಕಲಿತು, ಆ ಕನ್ನಡದ ಬಲದ ಮೇಲೆ ಭಾರತದವರಾಗಬಹುದು. ಹುಟ್ಟಿನಿಂದ ಕನ್ನಡ ಇರುವ ನಾನು ಆಗ ಅಲ್ಲಿಂದ ಹೊರಗೆ ಹೋಗಲು ಅರ್ಜಿ ತುಂಬುತ್ತಿದ್ದೆ.

ಹೊರಗೆ ಹೋಗುವುದು ಅಂದೆ. ಅದು ನಿಜವಾಗಿಯೂ ಹಾಗೇ. ಕೆನಡಾ 1977ರಿಂದ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ. ಭಾರತ ಬಿಡುವುದಿಲ್ಲ. ನಮ್ಮ ಸಂವಿಧಾನದ 9ನೇ ವಿಧಿ ಇದೆ, 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಇದೆ. ತಾನಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಯಾರೂ ಬಂದು ಕಿತ್ತುಕೊಳ್ಳಬೇಕಿಲ್ಲ, ನೀವು ಬಿಟ್ಟೆ ಅಂತ ಹೇಳಬೇಕಾಗಿಯೂ ಇಲ್ಲ. ಪಾಸ್‌ಪೋರ್ಟ್ ಒಪ್ಪಿಸುವುದು ಆಮೇಲಿನ ಕೆಲಸ. ಆಮೇಲೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಸಿಗುತ್ತದೆ, ವೀಸಾ ಇಲ್ಲದೆ ಬಂದು ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನ ಜಮೀನು ಪಿತ್ರಾರ್ಜಿತವಾಗಿ ಬಂದರೆ ತೊಂದರೆ ಇಲ್ಲ. ಪಕ್ಕದ ಒಂದು ಗುಂಟೆಯನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳಲು ಆಗುವುದಿಲ್ಲ.

ನಿಜ ಹೇಳಬೇಕಂದರೆ 2022ರ ಏಪ್ರಿಲ್‌ನಲ್ಲೇ ನನ್ನ 1,095 ದಿನ ತುಂಬಿತ್ತು. ಇವರದು 2021ರ ಸೆಪ್ಟೆಂಬರ್‌ನಲ್ಲೇ ತುಂಬಿತು. ಇಬ್ಬರೂ ಒಂದೇ ವಿಮಾನದಲ್ಲಿ ಬಂದಿಳಿದವರು, ಏಳು ತಿಂಗಳ ಅಂತರ ಬಿತ್ತು. ಇವರು ಮೊದಲು ಅರ್ಜಿ ಹಾಕಿದರು, 2023ರ ಫೆಬ್ರವರಿಯಲ್ಲಿ ಪ್ರಮಾಣವೂ ಆಯಿತು. ಆಗ ಒಂದೇ ಮನೆಯಲ್ಲಿ ಎರಡು ದೇಶ ಆದವು. ನಾನು ಮಾತ್ರ ಇವತ್ತು ನಾಳೆ ಅನ್ನುತ್ತಿದ್ದೆ. ‘ಅವಸರ ಏನಿಲ್ಲ, ನಿನಗೆ ಸರಿ ಅನ್ನಿಸಿದಾಗ ಹಾಕು’ ಅಂದರು ಇವರು. ಒಂದು ಸಲವೂ ಒತ್ತಾಯ ಮಾಡಲಿಲ್ಲ.

ಕೊನೆಗೆ ಹಾಕು ಅಂದದ್ದು ಅಮ್ಮ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಅದು. ‘ಅವತ್ತು ವಿಮಾನ ನಿಲ್ಲಿಸಿದಾಗ ನೀನು ಇಲ್ಲಿ ಸಿಕ್ಕಿಕೊಂಡೆ, ಅವರು ಅಲ್ಲಿ ಉಳಿದರು. ಮುಂದೆ ಏನಾದರೂ ಆದರೆ ಇಬ್ಬರೂ ಒಂದೇ ಕಡೆ ಇರೋ ಹಾಗಿರಬೇಕು’ ಅಂದಳು. ‘ನಿನ್ನ ದೇಶ ಯಾವುದು ಅಂತ ನನಗೇನು ಗೊತ್ತಿಲ್ವಾ?’ ಅಂತಲೂ ಅಂದಳು. ಯಾವುದು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 20 ಪ್ರಶ್ನೆ, 15 ಸರಿಯಾದರೆ ಪಾಸು. 18ರಿಂದ 54 ವಯಸ್ಸಿನವರು ಬರೆಯಬೇಕು, ಇಂಗ್ಲಿಷ್ ಅಥವಾ ಫ್ರೆಂಚ್ ತಕ್ಕಮಟ್ಟಿಗೆ ಬರಬೇಕು. ಸರ್ಕಾರ ಒಂದು ಪುಸ್ತಕ ಕೊಡುತ್ತದೆ, ಓದಿದರೆ ಆಗುತ್ತದೆ. ಓದುವಾಗ ಒಂದು ವಿಷಯ ತಿಳಿಯಿತು. 1947ರ ಜನವರಿ 1ಕ್ಕೆ ಮೊದಲು ಕೆನಡಾಕ್ಕೆ ತನ್ನದೇ ಆದ ಪ್ರತ್ಯೇಕ ಪೌರತ್ವ ಇರಲಿಲ್ಲ, ಇಲ್ಲಿನವರು ಬ್ರಿಟಿಷ್ ಪ್ರಜೆಗಳಾಗಿದ್ದರು. ಆ ಜನವರಿ 3ರಂದು ಒಟ್ಟಾವದ ಸುಪ್ರೀಂ ಕೋರ್ಟ್‌ನಲ್ಲಿ ಮೊದಲ ಸಮಾರಂಭ ನಡೆದಾಗ ಒಂದನೇ ನಂಬರಿನ ಪ್ರಮಾಣಪತ್ರ ತೆಗೆದುಕೊಂಡವರು ಪ್ರಧಾನಿ ಮೆಕೆಂಜಿ ಕಿಂಗ್. ಪ್ರಧಾನಿಯೂ ಸಾಲಿನಲ್ಲಿ ನಿಂತು ಪೌರನಾದ ದೇಶ ಇದು.

ನಮ್ಮವರ ಕತೆ ಅಷ್ಟು ಸಲೀಸಾಗಿರಲಿಲ್ಲ. 1908ರಲ್ಲಿ ಕೆನಡಾ ಒಂದು ನಿಯಮ ತಂದಿತು. ಹುಟ್ಟಿದ ದೇಶದಿಂದ ನಡುವೆ ಎಲ್ಲೂ ನಿಲ್ಲದೆ ನೇರ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ನೇರ ಬರುವ ಹಡಗೇ ಇರಲಿಲ್ಲ. ಭಾರತದವರು ಬರಬಾರದು ಅಂತ ಬಾಯಿಬಿಟ್ಟು ಹೇಳದೆ ತಡೆಯುವ ದಾರಿ ಅದು. 1914ರ ಮೇ ತಿಂಗಳಲ್ಲಿ ಕೊಮಗಾಟ ಮಾರು ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂತು. ಎರಡು ತಿಂಗಳು ನೀರಿನ ಮೇಲೇ ನಿಲ್ಲಿಸಿ, ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನೆಲ್ಲ ವಾಪಸ್ ಕಳಿಸಿದರು. 2016ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ನೇರ ದಾರಿ ಅನ್ನುವ ಪದ ಕಂಡಾಗ ನನ್ನ 2021 ನೆನಪಾಯಿತು. ಎರಡೂ ಒಂದೇ ಅಲ್ಲ, ನನ್ನ ದಾರಿ ಮುಚ್ಚಿದ್ದು ರೋಗಕ್ಕೆ ಹೆದರಿ. ಆದರೂ ಬಂದರಿನಲ್ಲಿ ನಿಂತು ದಡ ನೋಡುತ್ತಿದ್ದ ಆ ಜನ ನನಗೆ ಅವತ್ತಿನಿಂದ ಹತ್ತಿರದವರಾದರು.

2024ರ ಮೇ ತಿಂಗಳಲ್ಲಿ ನನ್ನ ಪ್ರಮಾಣವಚನ. 2020ರಿಂದ ಇದು ಆನ್‌ಲೈನ್‌ನಲ್ಲೂ ನಡೆಯುತ್ತದೆ, ನನಗೂ ಹಾಗೇ ಬಂತು. ಮುಂಚೆ ಬಂದ ಪತ್ರದಲ್ಲಿ ಒಂದು ಕತ್ತರಿ ಹತ್ತಿರ ಇಟ್ಟುಕೊಳ್ಳಿ ಅಂತ ಇತ್ತು.

ಅವತ್ತು ಹೊಲಿಗೆ ಡಬ್ಬಿಯ ಕತ್ತರಿ ತಂದು ಮೇಜಿನ ಮೇಲೆ ಇಟ್ಟೆ. ಪರದೆಯ ಆ ಕಡೆ ಒಬ್ಬ ಅಧಿಕಾರಿ ಬಂದರು. ಹೆಸರು ಕೇಳಿದರು, ಪಿಆರ್ ಕಾರ್ಡ್ ತೋರಿಸಿ ಅಂದರು, ಆಮೇಲೆ ಕ್ಯಾಮೆರಾಕ್ಕೆ ಕಾಣುವ ಹಾಗೆ ಕತ್ತರಿಸಿ ಅಂದರು. ಪ್ಲಾಸ್ಟಿಕ್ ಗಟ್ಟಿ, ಕತ್ತರಿ ಜಾರಿತು. ಎರಡನೇ ಸಲ ಒತ್ತಿದಾಗ ಟಕ್ ಅಂತ ತುಂಡಾಯಿತು. ನನ್ನ ಫೋಟೋ ಒಂದು ಕಡೆ, ಹೆಸರು ಒಂದು ಕಡೆ. ಎರಡು ತುಂಡನ್ನೂ ಎತ್ತಿ ತೋರಿಸಿದೆ. ‘ಥ್ಯಾಂಕ್ ಯೂ’ ಅಂದರು. ಅಲ್ಲಿಂದ ಪ್ರಮಾಣ ಹೇಳುವವರೆಗೆ ಸುಮಾರು ನಲವತ್ತು ನಿಮಿಷ. ಆ ನಲವತ್ತು ನಿಮಿಷ ಕೈಯಲ್ಲಿ ಕಾರ್ಡ್ ಇಲ್ಲ, ಪೌರತ್ವವೂ ಇನ್ನೂ ಇಲ್ಲ. ಭಾರತದ ಪೌರಳಾಗಿ ನನ್ನ ಕೊನೆಯ ನಲವತ್ತು ನಿಮಿಷ ಅವು. ಇವರು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಎಡಗೈ ಹಿಡಿದುಕೊಂಡಿದ್ದರು. ಬಲಗೈ ಎತ್ತಬೇಕಿತ್ತಲ್ಲ.

ಪ್ರಮಾಣದಲ್ಲಿ ರಾಜನ ಹೆಸರು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಭಾಗ. 2021ರಲ್ಲಿ ಅದಕ್ಕೆ ಹೊಸ ಮಾತು ಸೇರಿತು. ಮೂಲನಿವಾಸಿಗಳ ಹಕ್ಕುಗಳನ್ನೂ, ಅವರ ಜೊತೆ ಮಾಡಿಕೊಂಡ ಒಪ್ಪಂದಗಳಿಂದ ಬಂದ ಹಕ್ಕುಗಳನ್ನೂ ಒಪ್ಪುವ ಸಂವಿಧಾನವನ್ನು ಪಾಲಿಸುತ್ತೇನೆ ಅಂತ. ವಿನ್ನಿಪೆಗ್‌ನಲ್ಲಿ ಇರುವವರಿಗೆ ಇದು ಬರೀ ಮಾತಲ್ಲ. ಈ ಊರು ನಿಂತಿರುವುದು 1871ರ ಆಗಸ್ಟ್ 3ರಂದು ಸಹಿಯಾದ ಒಂದನೇ ಒಪ್ಪಂದದ ನೆಲದಲ್ಲಿ. ನಮ್ಮ ನಲ್ಲಿಗೆ ಬರುವ ನೀರು ಶೋಲ್ ಲೇಕ್‌ನದು. ಸುಮಾರು 150 ಕಿಲೋಮೀಟರ್ ದೂರದಿಂದ, 1919ರಿಂದ ಕಾಲುವೆಯಲ್ಲಿ ಹರಿದು ಬರುತ್ತಿದೆ. ಆ ಕೆರೆಯ ದಡದಲ್ಲಿರುವ ಶೋಲ್ ಲೇಕ್ 40 ಅನ್ನುವ ಮೂಲನಿವಾಸಿ ಸಮುದಾಯಕ್ಕೆ ಮಾತ್ರ 1997ರಿಂದ 2021ರವರೆಗೆ, 24 ವರ್ಷ, ನೀರು ಕುದಿಸದೆ ಕುಡಿಯಬೇಡಿ ಅನ್ನುವ ಎಚ್ಚರಿಕೆ ಇತ್ತು. ಕಾಲುವೆ ತೋಡಿದಾಗ ಅವರ ಊರು ದ್ವೀಪದಂತಾಗಿ, ಹೊರಗೆ ಬರುವ ರಸ್ತೆ ಆಗಿದ್ದು 2019ರಲ್ಲಿ. ಅವರ ನೀರಿನ ಘಟಕ ಶುರುವಾದದ್ದು 2021ರ ಸೆಪ್ಟೆಂಬರ್, ನಾನು ವಾಪಸ್ ಬರುವ ತಿಂಗಳ ಹಿಂದೆ. ನಾನು ‘ಇದ್ದ’ ದಿನಗಳಲ್ಲೆಲ್ಲ ಕುಡಿದದ್ದು ಅವರ ಕೆರೆಯ ನೀರನ್ನೇ. ಆ ಸಾಲು ಹೇಳುವಾಗ ಗಂಟಲು ಕಟ್ಟಿತು. ನಾನು ಪಡೆಯುತ್ತಿರುವುದು ಹಕ್ಕು ಅಂತ ಅಷ್ಟು ದಿನ ಅಂದುಕೊಂಡಿದ್ದೆ. ಒಂದು ಹಳೆಯ ಸಾಲದ ಪತ್ರಕ್ಕೆ ನನ್ನ ಹೆಸರೂ ಸೇರುತ್ತಿದೆ ಅಂತ ಆಗ ಅನ್ನಿಸಿತು. ಆ ಮಾತನ್ನು ನಾನು ಮನಸ್ಸಿಟ್ಟು ಹೇಳಿದೆ. ಫ್ರೆಂಚ್‌ನಲ್ಲೂ ಹೇಳಿಸಿದರು, ಬಂದಷ್ಟು ಹೇಳಿದೆ.

ಮುಂದಿನ ತಿಂಗಳು ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ. ರದ್ದು ಅಂತ ಸೀಲು ಒತ್ತಿ ವಾಪಸ್ ಕೊಟ್ಟರು. ಹೊಸ ಪಾಸ್‌ಪೋರ್ಟೂ ಕಡುನೀಲಿಯೇ. ಕಪಾಟಿನಲ್ಲಿ ಎರಡೂ ಒಂದರ ಮೇಲೊಂದು ಇವೆ, ಕತ್ತಲಲ್ಲಿ ಕೈ ಹಾಕಿದರೆ ಯಾವುದು ಸಿಗುತ್ತದೆ ಅಂತ ಗೊತ್ತಾಗುವುದಿಲ್ಲ. ದೆಹಲಿಯ ಆ ಹರಡಿದ ಸೀಲು ಹಳೆಯದರಲ್ಲಿ ಹಾಗೇ ಇದೆ.

2025ರ ಏಪ್ರಿಲ್ 28ಕ್ಕೆ ಇಲ್ಲಿ ಸಂಸತ್ ಚುನಾವಣೆ ಬಂತು. ನಾನು ಅದಕ್ಕೂ ಮೊದಲು ಓಟು ಹಾಕಿದ್ದು 2018ರ ಮೇ 12ರ ಕರ್ನಾಟಕದ ಚುನಾವಣೆಯಲ್ಲಿ, ಹೊರಡುವ ಮೂರು ತಿಂಗಳ ಮೊದಲು. ಏಳು ವರ್ಷ ಎಲ್ಲೂ ಓಟು ಹಾಕಿರಲಿಲ್ಲ. ಇಲ್ಲಿ ಪೆನ್ಸಿಲ್ ಕೊಡುತ್ತಾರೆ, ಕಾಗದದ ಮೇಲೆ ಹೆಸರಿನ ಪಕ್ಕದ ಬಿಳಿ ವೃತ್ತದಲ್ಲಿ ಗುರುತು ಹಾಕಬೇಕು. ಬೆರಳಿಗೆ ಶಾಯಿ ಇಲ್ಲ. ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಬಂದು, ಅಮ್ಮನಿಗೆ ಫೋನ್ ಮಾಡಿ ಓಟು ಹಾಕಿದೆ ಅಂದೆ. ‘ಯಾರಿಗೆ?’ ಅಂದಳು. ಹೇಳಿದೆ. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೂ ‘ಒಳ್ಳೇದಾಗಲಿ’ ಅಂದಳು.

ಪ್ರಮಾಣ ಆದಮೇಲೆ ನನ್ನ ದಿನಗಳನ್ನು ಈ ದೇಶ ಎಣಿಸುವುದಿಲ್ಲ. ಪೌರರು ಎಷ್ಟು ದಿನ ಹೊರಗಿದ್ದರೂ ಪೌರರೇ. ಲೆಕ್ಕದ ಫೈಲನ್ನು ಕಂಪ್ಯೂಟರಿನಿಂದ ಇನ್ನೂ ಅಳಿಸಿಲ್ಲ, ತೆರೆದು ನೋಡಿದ್ದೂ ಇಲ್ಲ.

ಕಳೆದ ಚಳಿಗಾಲದಲ್ಲಿ ಮನೆಗೆ ಹೋಗಿದ್ದೆ. ಬಾಗಿಲು ತೆರೆದ ಅಮ್ಮ ನನ್ನ ಬ್ಯಾಗು ಒಳಗಿಟ್ಟು, ಮಾತಾಡುತ್ತಲೇ ಕ್ಯಾಲೆಂಡರ್ ಹತ್ತಿರ ಹೋದಳು. ದಾರಕ್ಕೆ ಕಟ್ಟಿದ ಪೆನ್ನು ಎತ್ತಿಕೊಂಡು ಆ ದಿನದ ಚೌಕದಲ್ಲಿ ‘ಬಂದಳು’ ಅಂತ ಬರೆದಳು. ಆಪರೇಷನ್ ಆದ ಕಣ್ಣು, ಅಕ್ಷರ ಮೊದಲಿಗಿಂತ ದುಂಡಗಾಗಿತ್ತು.

‘ಈ ಸಲ ಎಷ್ಟು ದಿನ?’ ಅಂದಳು.

‘ವಾಪಸ್ ಟಿಕೆಟ್ ಇನ್ನೂ ಮಾಡಿಸಿಲ್ಲಮ್ಮ’ ಅಂದೆ.

ಅಮ್ಮ ಪೆನ್ನು ಕೈಯಲ್ಲೇ ಹಿಡಿದು, ಮುಂದಿನ ತಿಂಗಳ ಹಾಳೆ ಎತ್ತಿ ನೋಡಿದಳು. ಏನೂ ಬರೆಯದೆ ಹಾಳೆ ಕೆಳಗೆ ಬಿಟ್ಟು, ಪೆನ್ನನ್ನು ದಾರದಲ್ಲಿ ಮತ್ತೆ ಜೋತುಬಿಟ್ಟಳು.